ಕ್ಷಮಿಸಲು ದೇವರಿಗೆ ಶಿಲುಬೆ ಯಾಕೆ ಬೇಕಿತ್ತು? ಸಭಾಪಾಲಕರೊಬ್ಬರ ಜೊತೆ ಪ್ರಶ್ನೋತ್ತರ

ಪ್ರಶ್ನೆ:

ಪಾಸ್ಟರ್, ನಮಸ್ಕಾರ. ನಾನು ಹಿಂದೂ. ಓದಿದ್ದು ಕಾನ್ವೆಂಟಿನಲ್ಲಿ. ಕ್ಲಾಸಿನ ಗೋಡೆ ಮೇಲೆ ಯಾವಾಗಲೂ ಶಿಲುಬೆ ಇರುತ್ತಿತ್ತು, ಆದರೆ ಅದರ ಬಗ್ಗೆ ಕೇಳಬೇಕು ಅಂತ ಒಮ್ಮೆಯೂ ಅನ್ನಿಸಲಿಲ್ಲ. ಈಗ ಅದೇ ಶಾಲೆಗೆ ಹೋಗುವ ಮಗಳು ಕೇಳುತ್ತಿದ್ದಾಳೆ: "ಅಪ್ಪಾ, ದೇವರಿಗೆ ಕ್ಷಮಿಸೋ ಮನಸ್ಸಿದ್ದರೆ ಸುಮ್ನೆ ಕ್ಷಮಿಸಬಹುದಿತ್ತು ಅಲ್ವಾ? ಮಗನನ್ನು ಯಾಕೆ ಸಾಯಿಸಬೇಕಿತ್ತು?" ನನಗೂ ಇದು ಅರ್ಥವಾಗಿಲ್ಲ. ಯಾರೋ ಮಾಡಿದ ತಪ್ಪಿಗೆ ಇನ್ಯಾರೋ ಶಿಕ್ಷೆ ಅನುಭವಿಸಿದರೆ ಅದು ನ್ಯಾಯ ಹೇಗಾಗುತ್ತದೆ? ಬೇಸರ ಮಾಡಿಕೊಳ್ಳದೆ ಹೇಳಿ.

ಉತ್ತರ:

ನಮಸ್ಕಾರ ಸರ್. ಬೇಸರ ಯಾಕೆ? ನಮ್ಮ ಸಭೆಯಲ್ಲಿ ನಂಬಿಕೆಯ ಪಾಠ ಹೇಳಿಕೊಡುವ ಕನ್ಫರ್ಮೇಷನ್ ಕ್ಲಾಸಿನ ಮಕ್ಕಳೂ ಇದನ್ನೇ ಕೇಳುತ್ತಾರೆ. ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಶಿಲುಬೆ ಅಂದರೆ ಆ ಕಾಲದಲ್ಲಿ ಏನಾಗಿತ್ತು ಅಂತ ನೋಡೋಣ. ಈಗ ಅದು ಕತ್ತಿನ ಸರದಲ್ಲಿದೆ, ಚರ್ಚಿನ ಗೋಪುರದ ಮೇಲಿದೆ. ಮೊದಲನೇ ಶತಮಾನದಲ್ಲಿ ಅದು ರೋಮ್ ಆಡಳಿತ ಗುಲಾಮರಿಗೂ ದಂಗೆಕೋರರಿಗೂ ಕೊಡುತ್ತಿದ್ದ ಶಿಕ್ಷೆ. ಗುಲಾಮರ ನಾಯಕ ಸ್ಪಾರ್ಟಕಸ್‌ನ ದಂಗೆ ಅಡಗಿಸಿದ ಮೇಲೆ, ಕ್ರಿ.ಪೂ. 71ರಲ್ಲಿ, ಕಾಪುವಾ ಊರಿನಿಂದ ರೋಮ್‌ವರೆಗಿನ ರಸ್ತೆಯುದ್ದಕ್ಕೂ ಸುಮಾರು 6,000 ಜನರನ್ನು ಶಿಲುಬೆಗೆ ಹಾಕಿದರು. ಬರೀ ಸಾಯಿಸುವುದೇ ಆಗಿದ್ದರೆ ಕತ್ತಿ ಸಾಕಿತ್ತು. ಬಟ್ಟೆ ಬಿಚ್ಚಿಸಿ, ದಾರಿಹೋಕರ ಕಣ್ಣೆದುರು, ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ನರಳಿಸಿ ಮಾನ ತೆಗೆಯಲು ಶಿಲುಬೆ ಬೇಕಿತ್ತು. ಯೆಹೂದ್ಯರಿಗೆ ಇನ್ನೊಂದು ನೋವೂ ಇತ್ತು. ಮರಕ್ಕೆ ತೂಗುಹಾಕಿಸಿಕೊಂಡವನು ದೇವರ ಶಾಪಕ್ಕೆ ಒಳಗಾದವನು ಅಂತ ಅವರ ಧರ್ಮಗ್ರಂಥದ ಧರ್ಮೋಪದೇಶಕಾಂಡ ಹೇಳುತ್ತದೆ.

ರೋಮ್‌ನ ಪಲಟೈನ್ ಗುಡ್ಡದಲ್ಲಿ 1857ರಲ್ಲಿ ಗೋಡೆ ಮೇಲೆ ಗೀಚಿದ ಒಂದು ಚಿತ್ರ ಸಿಕ್ಕಿತು. ಕ್ರಿ.ಶ. 200ರ ಆಸುಪಾಸಿನದು ಅನ್ನುತ್ತಾರೆ. ಶಿಲುಬೆ ಮೇಲೆ ಒಬ್ಬ ಮನುಷ್ಯ, ಆದರೆ ತಲೆ ಕತ್ತೆಯದು. ಕೆಳಗೆ ಒಬ್ಬ ಕೈ ಎತ್ತಿ ನಿಂತಿದ್ದಾನೆ. ಪಕ್ಕದಲ್ಲಿ ಸೊಟ್ಟಪಟ್ಟ ಗ್ರೀಕ್ ಅಕ್ಷರಗಳು: 'ಅಲೆಕ್ಸಮೆನೋಸ್ ತನ್ನ ದೇವರನ್ನು ಪೂಜಿಸುತ್ತಿದ್ದಾನೆ.' ಜೊತೆಯವರು ಯಾರೋ ಗೇಲಿ ಮಾಡಿ ಗೀಚಿದ್ದಿರಬೇಕು. ಶಿಲುಬೆಯಲ್ಲಿರುವ ಯೇಸುವಿನ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ನಮ್ಮ ದೇವರು ಶಿಲುಬೆಯಲ್ಲಿ ಸಿಕ್ಕಿದರು ಅನ್ನುವುದು ಅಂದಿನ ಲೋಕಕ್ಕೆ ಎಷ್ಟು ನಾಚಿಕೆಗೇಡಾಗಿ ಕಂಡಿತ್ತು ಅನ್ನುವುದಕ್ಕೆ ಇದಕ್ಕಿಂತ ಜಾಸ್ತಿ ಸಾಕ್ಷಿ ಬೇಡ.

ಈಗ ನಿಮ್ಮ ಮಗಳ ಪ್ರಶ್ನೆ. ಸುಮ್ನೆ ಕ್ಷಮಿಸಬಹುದಿತ್ತಲ್ಲ?

ಕ್ಷಮೆ ಯಾವತ್ತೂ ಪುಕ್ಕಟೆ ಆಗಿರುವುದಿಲ್ಲ. ನಾನು ನಿಮಗೆ ಕೊಟ್ಟ ಒಂದು ಲಕ್ಷ ಸಾಲವನ್ನು ಬಿಟ್ಟುಬಿಟ್ಟೆ ಅನ್ನಿ. ಆ ಹಣ ಗಾಳಿಯಲ್ಲಿ ಕರಗಿಹೋಗುವುದಿಲ್ಲ. ನೀವು ಕೊಡಬೇಕಾದ್ದು ನನ್ನ ತಲೆ ಮೇಲೆ ಬೀಳುತ್ತದೆ. ಸಾಲ ಸಣ್ಣದಾದರೆ ಇದು ಗೊತ್ತೇ ಆಗುವುದಿಲ್ಲ. ದೊಡ್ಡದಾದಷ್ಟೂ ಬಿಟ್ಟವನ ಮೈಗೆ ತಾಕುತ್ತದೆ. ಮಗನನ್ನು ಕೊಂದವನನ್ನು ಕ್ಷಮಿಸಿದ ತಾಯಂದಿರು ಇದ್ದಾರೆ. ಅವರನ್ನು ಕೇಳಿ ನೋಡಿ, ಅದು ಸುಮ್ನೆ ಆಗಿದ್ದಾ ಅಂತ. ಸೇಡು ತೀರಿಸಿಕೊಳ್ಳದೆ, ನೋವನ್ನು ತಿರುಗಿ ಎಸೆಯದೆ, ತಾನೇ ನುಂಗಿಕೊಳ್ಳುವುದು ಅದು. ಮನುಷ್ಯರ ದ್ವೇಷ, ಮೋಸ, ಕ್ರೌರ್ಯ ಎಲ್ಲವನ್ನೂ ದೇವರು ಕ್ಷಮಿಸಿದಾಗ ಆ ಭಾರವನ್ನು ಯಾರು ಹೊತ್ತರು? ದೇವರೇ ಹೊತ್ತರು, ಹೊತ್ತಿದ್ದು ಶಿಲುಬೆಯಲ್ಲಿ ಅನ್ನುವುದು ನಮ್ಮ ನಂಬಿಕೆ. ಮೊಳೆ ಹೊಡೆದವರಿಗಾಗಿಯೇ ಯೇಸು "ತಂದೆಯೇ, ಇವರನ್ನು ಕ್ಷಮಿಸು" ಅಂದರು ಅಂತ ಯೇಸುವಿನ ಬದುಕನ್ನು ಹೇಳುವ ಲೂಕನ ಸುವಾರ್ತೆಯಲ್ಲಿದೆ.

ಇಲ್ಲೇ ಜಾಸ್ತಿ ಜನ ಎಡವುವುದು. ಸಿಟ್ಟಾದ ತಂದೆ ಒಂದು ಕಡೆ, ಮಧ್ಯೆ ಬಂದು ಏಟು ತಿನ್ನುವ ಬಡಪಾಯಿ ಮಗ ಇನ್ನೊಂದು ಕಡೆ ಅಂತ ಕಥೆ ಹೇಳುತ್ತಾರೆ. ನಮ್ಮ ಪ್ರಸಂಗಗಳಲ್ಲೂ ಇದು ಬರುತ್ತದೆ. ನನಗೆ ಇದು ಸರಿ ಕಾಣುವುದಿಲ್ಲ. ತಂದೆ, ಮಗ, ಪವಿತ್ರಾತ್ಮ ಒಬ್ಬರೇ ದೇವರು ಅಂತ ನಂಬುವವರು ನಾವು. ಅಂದಮೇಲೆ ಶಿಲುಬೆಯಲ್ಲಿ ಇದ್ದವರು ಹೊರಗಿನವರಾಗುವುದು ಹೇಗೆ? ದೇವರು ಕ್ರಿಸ್ತನಲ್ಲಿದ್ದು ಲೋಕವನ್ನು ತಮ್ಮೊಂದಿಗೆ ಮತ್ತೆ ಸೇರಿಸಿಕೊಳ್ಳುತ್ತಿದ್ದರು ಅಂತ ಊರೂರಿಗೆ ಸುವಾರ್ತೆ ಸಾರಿದ ಪೌಲ ಗ್ರೀಸ್‌ನ ಕೊರಿಂಥದವರಿಗೆ ಬರೆದ. ಯೋಹಾನನ ಸುವಾರ್ತೆಯಲ್ಲಿ ಯೇಸುವೇ ಹೇಳುತ್ತಾರೆ, ನನ್ನ ಪ್ರಾಣವನ್ನು ಯಾರೂ ನನ್ನಿಂದ ಕಿತ್ತುಕೊಳ್ಳುತ್ತಿಲ್ಲ, ನಾನಾಗಿಯೇ ಕೊಡುತ್ತಿದ್ದೇನೆ ಅಂತ. ಶಿಲುಬೆ ಆದ ಮೇಲೆ ದೇವರಿಗೆ ನಮ್ಮ ಮೇಲೆ ಪ್ರೀತಿ ಬಂತು ಅಂತಲ್ಲ. ಪ್ರೀತಿ ಮೊದಲೇ ಇತ್ತು, ಶಿಲುಬೆ ಅದರಿಂದ ಬಂತು.

ಪ್ರಶ್ನೆ ಕೇಳಿದವರು:

ತುಂಬಾ ಧನ್ಯವಾದ ಪಾಸ್ಟರ್. ಸಾಲದ ಮಾತು ಮನಸ್ಸಿಗೆ ಹತ್ತಿತು. ಆದರೆ ನ್ಯಾಯದ ಪ್ರಶ್ನೆ ಹಾಗೇ ಉಳಿಯಿತು. ಒಬ್ಬರ ಶಿಕ್ಷೆಯನ್ನು ಇನ್ನೊಬ್ಬರು ತೆಗೆದುಕೊಳ್ಳಲು ಯಾವ ಕೋರ್ಟೂ ಒಪ್ಪುವುದಿಲ್ಲ.

ಉತ್ತರ:

ನಿಜ. ಬೈಬಲ್ಲೂ ಒಪ್ಪುವುದಿಲ್ಲ. ತಂದೆಯ ಪಾಪವನ್ನು ಮಗ ಹೊರಬಾರದು, ಮಗನ ಪಾಪವನ್ನು ತಂದೆ ಹೊರಬಾರದು ಅಂತ ಪ್ರವಾದಿ ಯೆಹೆಜ್ಕೇಲನ ಪುಸ್ತಕದ 18ನೇ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ. ಆದ್ದರಿಂದ ಕೋರ್ಟಿನ ಚಿತ್ರ ಒಂದನ್ನೇ ಹಿಡಿದು ಎಳೆದರೆ ಅದು ಹರಿದುಹೋಗುತ್ತದೆ.

ಬೈಬಲ್ಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಶಿಲುಬೆಗೆ ಒಂದೇ ಚಿತ್ರ ಇಲ್ಲ. ಗುಲಾಮರನ್ನು ಬಿಡಿಸಲು ಕೊಡುವ ಹಣ, ದೇವಾಲಯದ ಬಲಿ, ಯೆಹೂದ್ಯರ ಪಸ್ಕ ಹಬ್ಬದ ಕುರಿಮರಿ, ಕೋರ್ಟಿನ ತೀರ್ಪು, ಯುದ್ಧದ ಗೆಲುವು, ಮುರಿದ ಸಂಬಂಧ ಮತ್ತೆ ಕೂಡುವುದು, ಎಲ್ಲಾ ಇವೆ. ಮುಂದಿನವರು ಒಬ್ಬೊಬ್ಬರು ಒಂದೊಂದನ್ನು ಮುಂದೆ ತಂದರು. ಮೊದಲ ಶತಮಾನಗಳಲ್ಲಿ ಸಾವಿನ ಮೇಲೆ, ಸೈತಾನನ ಮೇಲೆ ಕ್ರಿಸ್ತನ ಜಯ ಅನ್ನುವ ಮಾತು ಜೋರಾಗಿತ್ತು. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ 1098ರ ಸುಮಾರಿಗೆ, ಪಾಪದಿಂದ ದೇವರ ಗೌರವಕ್ಕೆ ಆದ ಕೊರತೆಯನ್ನು ತುಂಬಿಕೊಡುವುದರ ಬಗ್ಗೆ ಬರೆದರು. ಸ್ವಲ್ಪ ಕಾಲದ ಮೇಲೆ ಪ್ಯಾರಿಸ್‌ನ ಅಬೆಲಾರ್ಡ್, ಆ ಪ್ರೀತಿಯನ್ನು ಕಂಡು ನಮ್ಮ ಹೃದಯ ಕರಗಿ ಬದಲಾಗುವುದಕ್ಕೆ ಒತ್ತು ಕೊಟ್ಟರು. ಶಿಕ್ಷೆಯನ್ನು ನಮ್ಮ ಬದಲಿಗೆ ಹೊತ್ತರು ಅನ್ನುವುದನ್ನು 16ನೇ ಶತಮಾನದಲ್ಲಿ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರ್, ಕ್ಯಾಲ್ವಿನ್ ಬಿಗಿಯಾಗಿ ಹಿಡಿದರು. ನಮ್ಮ ನಂಬಿಕೆಯ ಸಾರ ಹೇಳುವ ಕ್ರಿ.ಶ. 381ರ ವಿಶ್ವಾಸಪ್ರಮಾಣವನ್ನು ಇವತ್ತಿಗೂ ಚರ್ಚುಗಳಲ್ಲಿ ಹೇಳುತ್ತೇವೆ. ರೋಮ್‌ನ ರಾಜ್ಯಪಾಲ ಪೊಂತ್ಯ ಪಿಲಾತನ ಕಾಲದಲ್ಲಿ ಯೇಸು ನಮಗೋಸ್ಕರ ಶಿಲುಬೆಗೇರಿದರು ಅನ್ನುವಷ್ಟಕ್ಕೆ ಅದು ನಿಲ್ಲುತ್ತದೆ. ಹೇಗೆ ಅನ್ನುವುದನ್ನು ಬಿಡಿಸಿ ಹೇಳುವುದಿಲ್ಲ. ನನಗೆ ಇದು ಸಮಾಧಾನ ಕೊಡುತ್ತದೆ.

ಹಾಗಾದರೆ ಬದಲಿಗೆ ಸತ್ತರು ಅನ್ನುವ ಮಾತು ಸುಳ್ಳಾ? ಅಲ್ಲ. ಬರಬ್ಬನ ಕಥೆ ಓದಿ. ಅವನು ದಂಗೆಯಲ್ಲಿ ಕೊಲೆ ಮಾಡಿ ಸೆರೆಯಲ್ಲಿದ್ದವನು. ಜನ ಅವನನ್ನೇ ಬಿಡು ಅಂದರು, ಪಿಲಾತ ಬಿಟ್ಟ. ಅವತ್ತು ಇಬ್ಬರು ಅಪರಾಧಿಗಳ ನಡುವೆ ನಿಲ್ಲಿಸಿದ ಶಿಲುಬೆಯಲ್ಲಿ ಯೇಸು ಇದ್ದರು, ಬರಬ್ಬ ಊರೊಳಗೆ ನಡೆದು ಹೋಗುತ್ತಿದ್ದ. ಶಿಲುಬೆಯ ಮುಂದೆ ನಿಂತಾಗ ನನಗೆ ನಾನು ಬರಬ್ಬನಾಗಿಯೇ ಕಾಣುತ್ತೇನೆ. ಅದನ್ನು ಕಾನೂನಿನ ಲೆಕ್ಕಕ್ಕೆ ಇಳಿಸಲು ನನ್ನಿಂದ ಆಗುವುದಿಲ್ಲ.

ಒಬ್ಬ ಸದಸ್ಯೆ:

ಅಯ್ಯನವರೇ, ನಾವೂ ಚರ್ಚಿಗೆ ಹೋಗುವವರೇ. ಯೇಸುವಿನ ಪಕ್ಕದಲ್ಲಿದ್ದ ಕಳ್ಳನಿಗೆ ಕೊನೇ ಗಳಿಗೆಯಲ್ಲಿ ಪರದೈಸು, ಅಂದರೆ ಸ್ವರ್ಗ, ಸಿಕ್ಕಿತಲ್ಲ. ಹಾಗಾದರೆ ಜೀವನವೆಲ್ಲಾ ಹೇಗೋ ಇದ್ದು ಕೊನೆಗೆ ನಂಬಿದರೆ ರಕ್ಷಣೆ ಸಿಗುತ್ತದಾ? ಕಷ್ಟಪಟ್ಟು ಒಳ್ಳೆಯವರಾಗಿ ಬದುಕಿದವರ ಗತಿ ಏನು?

ಉತ್ತರ:

ಅಮ್ಮಾ, ಆ ಕಳ್ಳನಿಗೆ ಕೊನೇ ಗಳಿಗೆಯಲ್ಲಿ ಸಿಕ್ಕಿದ್ದು ನಿಜ. ಅದನ್ನು ನಾನು ಯಾವತ್ತೂ ಸಣ್ಣದು ಮಾಡುವುದಿಲ್ಲ. ಸಾಯುವವರ ಹಾಸಿಗೆ ಪಕ್ಕ ಕೂತು ಪ್ರಾರ್ಥಿಸುವಾಗ ನಾನು ಓದುವುದು ಅದೇ ಭಾಗ. ಅವನ ಕೈಕಾಲು ಕಟ್ಟಿದ್ದವು. ಒಂದು ಒಳ್ಳೆಯ ಕೆಲಸ ಮಾಡಲೂ ಅವನಿಗೆ ಅವಕಾಶ ಇರಲಿಲ್ಲ. ರಕ್ಷಣೆ ಕೃಪೆಯಿಂದ ಅನ್ನುವುದು ಅವನಲ್ಲಿ ಕಂಡಷ್ಟು ಸ್ಪಷ್ಟವಾಗಿ ಇನ್ನೆಲ್ಲೂ ಕಾಣುವುದಿಲ್ಲ.

ಆದರೆ ರಕ್ಷಣೆ ಅಂದರೆ ಸತ್ತ ಮೇಲೆ ಸಿಗುವ ಜಾಗ ಅಂತ ಮಾತ್ರ ತಿಳಿದರೆ ಲೆಕ್ಕ ತಪ್ಪುತ್ತದೆ. ಯೆರಿಕೋ ಊರಿನ ಸುಂಕದ ಅಧಿಕಾರಿ ಜಕ್ಕಾಯನನ್ನು ನೋಡಿ. ಅವನ ಮನೆಗೆ ಬರುತ್ತೇನೆ ಅಂತ ಯೇಸು ತಾವಾಗಿಯೇ ಹೇಳಿದರು, ಅವನು ಇನ್ನೂ ಏನೂ ಬದಲಾಗಿರಲಿಲ್ಲ. ಆಮೇಲೆ ಅವನೇ ಎದ್ದು ನಿಂತು, ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದನ್ನು ನಾಲ್ಕು ಪಟ್ಟು ವಾಪಸ್ ಅಂದ. ಈ ದಿನ ಈ ಮನೆಗೆ ರಕ್ಷಣೆ ಬಂತು ಅಂದರು ಯೇಸು. ಅಂದೇ, ಆ ಮನೆಗೇ. ಮೋಸ ಹೋಗಿದ್ದ ನೆರೆಯವರ ಕೈಗೂ ಅವತ್ತು ದುಡ್ಡು ಬಂದಿರಬೇಕು ಅಲ್ವಾ?

ಒಳ್ಳೆಯ ಬದುಕು ರಕ್ಷಣೆಗೆ ಕೊಡುವ ಬೆಲೆಯಲ್ಲ, ರಕ್ಷಣೆ ಸಿಕ್ಕ ಮನೆಯಲ್ಲಿ ನಡೆಯುವ ಬದುಕು. ಬದಲಾಗದೆ ಕ್ಷಮೆ ಮಾತ್ರ ಸಾಕು ಅನ್ನುವುದನ್ನು ಜರ್ಮನಿಯ ಪಾಸ್ಟರ್ ಬಾನ್‌ಹಾಫರ್ 1937ರಲ್ಲಿ 'ಅಗ್ಗದ ಕೃಪೆ' ಅಂತ ಕರೆದರು. ಹಿಟ್ಲರನನ್ನು ಎದುರು ಹಾಕಿಕೊಂಡು 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದವರು ಅವರು. ಹೇಳಿದಂತೆ ಬದುಕಿದವರ ಮಾತು ಅದು.

ರಕ್ಷಣೆಗೆ ನಂಬಿಕೆಯೋ ಕ್ರಿಯೆಯೋ ಅನ್ನುವ ಜಗಳದಲ್ಲೇ ಕ್ಯಾಥೊಲಿಕರು, ಪ್ರೊಟೆಸ್ಟೆಂಟರಾದ ನಾವು ದೂರ ಆಗಿದ್ದು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಕ್ಯಾಥೊಲಿಕ್ ಸಭೆ ಮತ್ತು ಲೂಥರನ್ ಚರ್ಚುಗಳ ಒಕ್ಕೂಟ ಒಂದು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದವು. ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾರೆ, ಆ ಕೃಪೆ ಒಳ್ಳೆಯ ಕೆಲಸಕ್ಕೆ ನಮ್ಮನ್ನು ಎಬ್ಬಿಸುತ್ತದೆ ಅಂತ ಇಬ್ಬರೂ ಒಟ್ಟಿಗೆ ಹೇಳಿದರು.

ಇನ್ನೊಬ್ಬ ಸದಸ್ಯರು:

ಯೇಸುವಿನ ಹೆಸರೇ ಕೇಳದವರು? ನನ್ನ ಅಜ್ಜಿಯಂಥವರು?

ಉತ್ತರ:

ಕ್ರೈಸ್ತರಲ್ಲೇ ಇದರ ಬಗ್ಗೆ ಭಿನ್ನಾಭಿಪ್ರಾಯ ಇದೆ. ತಮ್ಮ ತಪ್ಪಿಲ್ಲದೆ ಸುವಾರ್ತೆ ತಿಳಿಯದೆ, ದೇವರನ್ನು ಪ್ರಾಮಾಣಿಕವಾಗಿ ಹುಡುಕಿ ಮನಸ್ಸಾಕ್ಷಿಗೆ ತಕ್ಕಂತೆ ಬದುಕಿದವರೂ ರಕ್ಷಣೆ ಹೊಂದಬಹುದು ಅಂತ ಕ್ಯಾಥೊಲಿಕ್ ಸಭೆ ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ, 1964ರಲ್ಲಿ ಹೇಳಿತು. ನಮ್ಮಲ್ಲಿ ಅನೇಕರು ಅಷ್ಟು ಹೇಳುವುದಿಲ್ಲ. ನನ್ನ ಮಾತು ಇಷ್ಟು: ತನ್ನನ್ನು ಕೊಂದವರಿಗಾಗಿ ಬೇಡಿಕೊಂಡ ದೇವರ ಕೈಯಲ್ಲಿ ನಿಮ್ಮ ಅಜ್ಜಿ ಇದ್ದಾರೆ. ಅವರ ತೀರ್ಪು ಬರೆಯುವ ಅಧಿಕಾರ ನನಗೂ ಇಲ್ಲ, ಇನ್ಯಾವ ಪಾಸ್ಟರಿಗೂ ಇಲ್ಲ.

ಪ್ರಶ್ನೆ ಕೇಳಿದವರು:

ಶುಭ ಶುಕ್ರವಾರದ ಆರಾಧನೆಗೆ ನಮ್ಮಂಥವರು ಬರಬಹುದಾ?

ಉತ್ತರ:

ಖಂಡಿತ ಬನ್ನಿ. ನಮ್ಮಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಇರುತ್ತದೆ. ಶಿಲುಬೆಯ ಮೇಲೆ ಯೇಸು ಆಡಿದ ಏಳು ಮಾತುಗಳ ಮೇಲೆ ಒಂದೊಂದು ಚಿಕ್ಕ ಪ್ರಸಂಗ, ನಡುವೆ ಹಾಡು, ಪ್ರಾರ್ಥನೆ. ಪೂರ್ತಿ ಕೂರಲು ಆಗದಿದ್ದರೆ ಎರಡು ಮಾತುಗಳ ನಡುವೆ ಹಾಡುವಾಗ ಎದ್ದು ಹೋಗಬಹುದು, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಕ್ಯಾಥೊಲಿಕ್ ಚರ್ಚಿಗೆ ಹೋದರೆ ಅವತ್ತು ಬಲಿಪೂಜೆ (ಮಾಸ್) ಇರುವುದಿಲ್ಲ, ಶಿಲುಬೆಗೆ ನಮಿಸುವ ಆರಾಧನೆ ಇರುತ್ತದೆ. ಸಾಧ್ಯವಾದರೆ ಭಾನುವಾರ ಈಸ್ಟರ್‌ಗೂ ಬನ್ನಿ. ಕ್ರಿಸ್ತ ಸತ್ತವರೊಳಗಿಂದ ಎದ್ದು ಬಂದಿಲ್ಲವಾದರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಪೌಲನೇ ಬರೆದಿದ್ದಾನೆ. ಶುಕ್ರವಾರ ಒಂದನ್ನೇ ನೋಡಿ ಹೋದರೆ ನಾವು ಯಾಕೆ ಇದನ್ನು 'ಶುಭ' ಅನ್ನುತ್ತೇವೆ ಅನ್ನುವುದು ಗೊತ್ತಾಗುವುದಿಲ್ಲ.