ಪೀಪಾಯಿಯಲ್ಲಿ ಮಾಗಿದ ಹುಳಿ ಫಾರ್ಮ್‌ಹೌಸ್ ಏಲ್ ರುಚಿ ನೋಡುವುದು ಹೇಗೆ? ಬಲ್ಲವರ ಅನುಭವ ಬೇಕು

ಪ್ರಶ್ನೆ

750 ಮಿ.ಲೀ. ಬಾಟಲಿ ಒಂದಿದೆ. ಓಕ್ ಪೀಪಾಯಿಯಲ್ಲಿ 14 ತಿಂಗಳು ಮಾಗಿದ ಹುಳಿ ಫಾರ್ಮ್‌ಹೌಸ್ ಏಲ್ (ಒಂದು ಬಗೆಯ ಬಿಯರ್), ಆಲ್ಕೋಹಾಲ್ ಶೇ. 6.5. ಬಿರಡೆಗೆ ತಂತಿ ಬಿಗಿದಿದೆ, ತಳದಲ್ಲಿ ಗಸಿ ಕಾಣುತ್ತಿದೆ. ನಾಲ್ವರು ಕೂತು ರುಚಿ ನೋಡಿ ಬರೆದಿಡಬೇಕೆಂದಿದ್ದೇವೆ. ಎಷ್ಟು ತಂಪಿರಬೇಕು? ಗಸಿ ಬೆರೆಸಬೇಕೇ? ಎಲ್ಲಕ್ಕಿಂತ ಮುಖ್ಯವಾಗಿ, ಈ ಹುಳಿ ಬೇಕೆಂದೇ ತರಿಸಿದ್ದೋ ಬಿಯರ್ ಕೆಟ್ಟು ಬಂದದ್ದೋ ತಿಳಿಯುವುದು ಹೇಗೆ?

ಉತ್ತರ 1

ತೆರೆಯುವ ಕ್ರಮದಿಂದಲೇ ಶುರು ಮಾಡೋಣ, ಇಂಥ ಬಾಟಲಿಗಳು ಹಾಳಾಗುವುದು ಹೆಚ್ಚಾಗಿ ಅಲ್ಲೇ. ಒಳಗಿನ ಅನಿಲದ ಒತ್ತಡ ಮಾಮೂಲಿ ಲಾಗರ್ ಬಿಯರ್‌ಗಿಂತ ಜಾಸ್ತಿ. ಎರಡು ದಿನ ಮೊದಲೇ ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ. ಮಲಗಿಸಿಟ್ಟಿದ್ದರೆ ಗಸಿ ಪಕ್ಕದ ಗಾಜಿಗೆ ಕಚ್ಚಿಕೊಂಡಿರುತ್ತದೆ, ತಳಕ್ಕಿಳಿಯಲು ಅಷ್ಟು ಹೊತ್ತು ಬೇಕು. ತೆರೆಯುವಾಗ ಬಾಟಲಿ 4ರಿಂದ 6 ಡಿಗ್ರಿ ಸೆಲ್ಸಿಯಸ್‌ನಲ್ಲಿರಲಿ. ತಂಪಿದ್ದಷ್ಟೂ ಅನಿಲ ದ್ರವದಲ್ಲೇ ಕರಗಿ ನಿಲ್ಲುತ್ತದೆ. ಬೆಚ್ಚಗಿದ್ದರೆ ಗಸಿಯ ಕಣಗಳಿಗೆ ಗುಳ್ಳೆ ಕಟ್ಟಿಕೊಂಡು ಉಕ್ಕಿಬಿಡುತ್ತದೆ. ಚೆಲ್ಲಿಹೋದದ್ದಷ್ಟೇ ನಷ್ಟವಲ್ಲ, ಗಸಿಯೆಲ್ಲ ಕದಡಿ ಉಳಿದದ್ದರ ರುಚಿಯೂ ಕೆಡುತ್ತದೆ.

ತಂತಿ ಬಿಚ್ಚುವಾಗ ಹೆಬ್ಬೆರಳು ಬಿರಡೆಯ ಮೇಲಿಂದ ಏಳಬಾರದು. ಬಟ್ಟೆ ಮುಚ್ಚಿ, ಯಾರ ಮುಖದ ಕಡೆಗೂ ತಿರುಗಿಸದೆ ಓರೆಯಾಗಿಟ್ಟು, ಬಿರಡೆಯನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ನಿಧಾನ ತಿರುಗಿಸಿ. ‘ಠಪ್’ ಅನ್ನಬಾರದು, ‘ಸ್ಸ್’ ಅಂದರೆ ಸರಿ. ಕೈಗೆಟಕುವಲ್ಲಿ ಒಂದು ಲೀಟರಿನ ಜಗ್ ಇರಲಿ, ಉಕ್ಕಿದರೆ ತಕ್ಷಣ ಅದಕ್ಕೆ ಬಗ್ಗಿಸಬಹುದು. ನಾಲ್ಕೂ ಲೋಟಕ್ಕೆ ತಲಾ 120 ಮಿ.ಲೀ.ಯಂತೆ ಒಂದೇ ಓಟದಲ್ಲಿ ಸುರಿಯಿರಿ. ಲೋಟಕ್ಕೊಮ್ಮೆ ಬಾಟಲಿ ನೆಟ್ಟಗೆ ಮಾಡಿ ಮತ್ತೆ ಬಗ್ಗಿಸಿದರೆ ಪ್ರತಿ ಸಲವೂ ಗಸಿ ಮೇಲೇಳುತ್ತದೆ, ನಾಲ್ಕನೆಯವರ ಲೋಟದಲ್ಲಿ ಬೇರೆಯದೇ ಬಿಯರ್ ಇರುತ್ತದೆ.

ಕುಡಿಯುವುದು ಮಾತ್ರ ಅಷ್ಟು ತಂಪಲ್ಲಿ ಬೇಡ. ಲೋಟದಲ್ಲಿ 10ರಿಂದ 13 ಡಿಗ್ರಿಗೆ ಏರಲು ಬಿಡಿ, ಕಾಲು ಗಂಟೆಯಿಂದ ಇಪ್ಪತ್ತು ನಿಮಿಷ.

ಉತ್ತರ 2

ಲೋಟದ ಬಗ್ಗೆ ಎರಡು ಮಾತು. ಹೊಟ್ಟೆ ಅಗಲ, ಬಾಯಿ ಕಿರಿದಾದ ವೈನ್ ಲೋಟ ಸಾಕು. ಸೋಪಿನ ಜಿಡ್ಡು ಇರಬಾರದು: ಬಿಸಿನೀರಲ್ಲಿ ಚೆನ್ನಾಗಿ ಗಲಬರಿಸಿ ಬೋರಲು ಹಾಕಿ ಒಣಗಿಸಿ, ಬಟ್ಟೆಯಲ್ಲಿ ಒರೆಸಬೇಡಿ. ನೊರೆ ಅರ್ಧ ನಿಮಿಷದಲ್ಲಿ ಕುಸಿದರೆ ಅದನ್ನು ದೋಷವೆಂದು ಬರೆಯಬೇಡಿ. ಹುಳಿ ಹೆಚ್ಚಿದ್ದು ಹಾಪ್ಸ್ (ಬಿಯರ್‌ಗೆ ಕಹಿ ಕೊಡುವ ಹೂ) ಕಡಿಮೆಯಿರುವ, ತಿಂಗಳುಗಟ್ಟಲೆ ಮಾಗಿದ ಬಿಯರ್‌ನಲ್ಲಿ ನೊರೆ ಹಿಡಿದಿಡುವ ಪ್ರೋಟೀನ್ ಉಳಿದಿರುವುದಿಲ್ಲ. ಬಾಟಲಿ ಹಸಿರು ಗಾಜಿನದಾದರೆ ತೆರೆಯುವವರೆಗೂ ಕತ್ತಲಲ್ಲಿಡಿ. ಬೆಳಕು ತಾಗಿದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಂಧಕದ ನಾತ ಬರುತ್ತದೆ, ಆಮೇಲೆ ಅದನ್ನು ಯೀಸ್ಟ್‌ನ ತಪ್ಪೆಂದು ಎಣಿಸುವ ಅಪಾಯವಿದೆ.

ಉತ್ತರ 3

ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ‘ಹುಳಿ ಎಷ್ಟು’ ಎಂದು ಕೇಳಿಕೊಂಡರೆ ಉತ್ತರ ಸಿಗುವುದಿಲ್ಲ, ‘ಯಾವ ಹುಳಿ’ ಎಂದು ಕೇಳಿಕೊಳ್ಳಬೇಕು. ಈ ಬಿಯರ್‌ನಲ್ಲಿ ಎರಡು ಹುಳಿಗಳು ಇರುತ್ತವೆ. ಒಂದು ಲ್ಯಾಕ್ಟಿಕ್ ಆಮ್ಲ, ಮೊಸರಿನ ಹುಳಿ. ಲ್ಯಾಕ್ಟೊಬ್ಯಾಸಿಲಸ್, ಪೀಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಇದನ್ನು ಮಾಡುತ್ತವೆ. ಇದು ಸುಲಭಕ್ಕೆ ಆವಿಯಾಗುವುದಿಲ್ಲ, ಹಾಗಾಗಿ ಮೂಗಿಗೆ ಸಿಗದು, ನಾಲಿಗೆಗೆ ಮಾತ್ರ. ಇನ್ನೊಂದು ಅಸಿಟಿಕ್ ಆಮ್ಲ, ವಿನೆಗರ್‌ನ ಹುಳಿ. ಇದು ಆವಿಯಾಗುತ್ತದೆ. ಬಾಯಿಗೆ ಮುಟ್ಟುವ ಮೊದಲೇ ಮೂಗಿನ ಒಳಗೆ ಚುಚ್ಚುತ್ತದೆ, ನುಂಗಿದ ಮೇಲೆ ಗಂಟಲು ಉರಿಯುತ್ತದೆ.

ಆದ್ದರಿಂದ ಗುಟುಕಿಗೆ ಮೊದಲು ಮೂಸುವುದು ಇಲ್ಲಿ ಶಾಸ್ತ್ರಕ್ಕಲ್ಲ, ಅದೇ ಅರ್ಧ ಪರೀಕ್ಷೆ. ವಾಸನೆಯಲ್ಲಿ ಚುರುಕಿಲ್ಲದೆ ನಾಲಿಗೆಯ ಪಕ್ಕಗಳಲ್ಲಿ ಹುಳಿ ತಟ್ಟಿ ನೀರೂರಿಸಿ, ಗಂಟಲು ಸುಮ್ಮನಿದ್ದರೆ ಅದು ಲ್ಯಾಕ್ಟಿಕ್, ಉದ್ದೇಶಪಟ್ಟು ತಂದದ್ದು. ಮೂಗಿಗೆ ತುಸುವೇ ವಿನೆಗರ್ ತಾಕಿ ಹಣ್ಣಿನ ಕಂಪಿಗೆ ಅಂಚು ಕೊಟ್ಟರೆ ಅದೂ ಸರಿ. ವಿನೆಗರ್ ಮುಂದೆ ಬೇರೇನೂ ಕೇಳಿಸದಿದ್ದರೆ ಪೀಪಾಯಿಗೆ ಗಾಳಿ ಸೇರಿದೆ ಎಂದೇ ಅರ್ಥ. ಅಸಿಟಿಕ್ ಮಾಡುವ ಅಸಿಟೊಬ್ಯಾಕ್ಟರ್‌ಗೆ ಆಮ್ಲಜನಕ ಬೇಕೇ ಬೇಕು, ಬ್ರೆಟನೊಮೈಸಿಸ್ ಯೀಸ್ಟ್ ಕೂಡ ಗಾಳಿ ಸಿಕ್ಕರೆ ಅಸಿಟಿಕ್ ಬಿಡುತ್ತದೆ. 225 ಲೀಟರಿನ ಓಕ್ ಪೀಪಾಯಿಯ ಹಲಗೆಗಳ ಮೂಲಕ ಬಿಯರ್ ನಿಧಾನಕ್ಕೆ ಆವಿಯಾಗಿ ಮೇಲೆ ಖಾಲಿ ಜಾಗ ಉಂಟಾಗುತ್ತದೆ. ಅದನ್ನು ಆಗಾಗ ತುಂಬದೆ ಬಿಟ್ಟರೆ, ಮಾದರಿ ನೋಡಲೆಂದು ಮತ್ತೆ ಮತ್ತೆ ಬಿರಡೆ ತೆಗೆದರೆ, ಫಲ ಇದೇ. ಜೊತೆಗೆ ಈಥೈಲ್ ಅಸಿಟೇಟ್ ಕೂಡ ಬರುತ್ತದೆ. ಸ್ವಲ್ಪವಿದ್ದಾಗ ಪೇರ್ (ಮರಸೇಬು) ಹಣ್ಣಿನಂತೆ, ಹೆಚ್ಚಿದಾಗ ನೇಲ್ ಪಾಲಿಶ್ ತೆಗೆಯುವ ದ್ರವದಂತೆ. ಲೀಟರಿಗೆ ಸುಮಾರು 30 ಮಿಲಿಗ್ರಾಂ ದಾಟಿದರೆ ಮೂಗಿಗೆ ತಿಳಿಯತೊಡಗುತ್ತದೆ.

ಇದನ್ನು ಓದಿ ಕಲಿಯುವುದಕ್ಕಿಂತ ಒಮ್ಮೆ ಕುಡಿದು ಕಲಿಯುವುದು ಮೇಲು. ಹಿಂದಿನ ದಿನ ರುಚಿ ಸಪ್ಪೆಯಾದ ಲಾಗರ್ ತನ್ನಿ, ಅರ್ಧರ್ಧ ಲೀಟರಿನ ನಾಲ್ಕು ಪಾತ್ರೆ ಮಾಡಿ. ಒಂದಕ್ಕೆ ಏನೂ ಹಾಕಬೇಡಿ. ಎರಡನೆಯದಕ್ಕೆ ಆಹಾರ ದರ್ಜೆಯ ಶೇ. 88ರ ಲ್ಯಾಕ್ಟಿಕ್ ಆಮ್ಲ 1 ಮಿ.ಲೀ. ಸಿರಿಂಜಿನಲ್ಲಿ ಅಳೆದು ಹಾಕಿ, ಕೈಗವಸು ಹಾಕಿಕೊಳ್ಳಿ, ಬೆರೆಸದ ಆಮ್ಲ ಚರ್ಮ ಸುಡುತ್ತದೆ. ಮೂರನೆಯದಕ್ಕೆ ಶೇ. 5ರ ಬಿಳಿ ವಿನೆಗರ್ 5 ಮಿ.ಲೀ. ನಾಲ್ಕನೆಯದಕ್ಕೆ ಗಟ್ಟಿಯಾಗಿ ಕುದಿಸಿ ಆರಿಸಿದ ಹಾಲಿಲ್ಲದ ಚಹಾ ಎರಡು ದೊಡ್ಡ ಚಮಚ. ಈ ಕೊನೆಯದು ಓಕ್‌ನ ಒಗರಿಗೆ. ಹುಳಿಯನ್ನೂ ಒಗರನ್ನೂ ಒಂದೇ ಎಂದು ತಿಳಿಯುವವರೇ ಹೆಚ್ಚು. ಹುಳಿ ಬಾಯಲ್ಲಿ ನೀರೂರಿಸುತ್ತದೆ, ಒಗರು ನೀರನ್ನು ಹೀರಿ ಒಸಡು ಹಿಂಡಿದಂತೆ ಮಾಡುತ್ತದೆ. ಚಹಾ ಹಾಕಿದ ಲೋಟದ ನಂತರ ಲ್ಯಾಕ್ಟಿಕ್ ಹಾಕಿದ್ದನ್ನು ಕುಡಿಯಿರಿ, ಮತ್ತೆಂದೂ ಮರೆಯುವುದಿಲ್ಲ.

ಉತ್ತರ 4

ಮೇಲಿನವರು ಹೇಳಿದ್ದೆಲ್ಲ ಒಪ್ಪಿಗೆ. ಆದರೆ ಹುಳಿಯನ್ನಷ್ಟೇ ಹಿಡಿದು ಕೂತರೆ ‘ಫಾರ್ಮ್‌ಹೌಸ್’ ಅನ್ನುವುದು ತಪ್ಪಿಹೋಗುತ್ತದೆ. ಈ ಬಗೆಯ ಮೂಲ ಬೆಲ್ಜಿಯಂನ ‘ಎನೊ’ (Hainaut) ಎಂಬ ಪ್ರಾಂತ್ಯದ ಹೊಲಮನೆಗಳ ಸೆಜೋನ್ ಬಿಯರ್. ಅದರ ಮಾದರಿಯೆಂದು ಎಲ್ಲರೂ ತೋರಿಸುವ ಟೂರ್ಪ್ ಊರಿನ ಡ್ಯೂಪಾನ್ ಸೆಜೋನ್ ಹುಳಿಯಲ್ಲ: ಒಣ, ಮಸಾಲೆಯ ಕಂಪು, ತುಸು ಕಹಿ. ನಿಮ್ಮ ಬಾಟಲಿಯಲ್ಲೂ ಹುಳಿಯ ಕೆಳಗೆ ಆ ಒಣತನ ಸಿಗಬೇಕು. ಸಕ್ಕರೆಯೆಲ್ಲ ಯೀಸ್ಟ್ ತಿಂದು ಮುಗಿಸಿರುತ್ತದೆ, ಅಂತಿಮ ಸಾಂದ್ರತೆ (ನೀರಿನದು 1.000 ಎಂದಿಟ್ಟರೆ) ಸಾಮಾನ್ಯವಾಗಿ 1.000ರಿಂದ 1.006ರ ನಡುವೆ. ನುಂಗಿದ ಮೇಲೆ ತುಟಿಗೆ ಅಂಟು ಉಳಿದರೆ ಏನೋ ಅರ್ಧಕ್ಕೆ ನಿಂತಿದೆ.

ಈಗ ಬ್ರೆಟ್, ಅಂದರೆ ಬ್ರೆಟನೊಮೈಸಿಸ್ ಯೀಸ್ಟ್. 1904ರಲ್ಲಿ ಕಾರ್ಲ್ಸ್‌ಬರ್ಗ್‌ನಲ್ಲಿದ್ದ ನೀಲ್ಸ್ ಯೆಲ್ಟೆ ಕ್ಲಾಸನ್ ಇಂಗ್ಲಿಷ್ ಬಿಯರ್‌ಗಳ ಮಾಗಿದ ಕಂಪಿಗೆ ಈ ಯೀಸ್ಟೇ ಕಾರಣವೆಂದು ತೋರಿಸಿ ಹೆಸರಿಟ್ಟ, ಆ ಹೆಸರಿನಲ್ಲೇ ಬ್ರಿಟನ್ ಇದೆ. ಸೆಜೋನ್ ಯೀಸ್ಟ್ ಮೊದಲು ಲವಂಗದ ಕಂಪು ಕೊಡುತ್ತದೆ. ಬ್ರೆಟ್ ಆ ಬಗೆಯ ಅಂಶಗಳನ್ನು ಮುಂದಕ್ಕೆ ಒಯ್ದು ಹೊಗೆ, ಮಸಾಲೆ, ತೊಗಲು, ಕೊಟ್ಟಿಗೆಯ ಹುಲ್ಲಿನ ವಾಸನೆಯಾಗಿಸುತ್ತದೆ. ಎಳೆಯ ಬಿಯರ್‌ನ ಬಾಳೆಹಣ್ಣಿನ ಕಂಪನ್ನು ಒಡೆದು ಬೇರೆ ಹಣ್ಣಿನ ಕಂಪು ಕಟ್ಟುವುದೂ ಅದೇ. ಹಾಗಾಗಿ 14 ತಿಂಗಳ ಬಿಯರ್‌ನಲ್ಲಿ ಬಾಳೆಹಣ್ಣು ಹುಡುಕಬೇಡಿ, ಅನಾನಸ್, ನಿಂಬೆಸಿಪ್ಪೆ, ಒಣಹುಲ್ಲು ಹುಡುಕಿ. ತೊಗಲಿನ ವಾಸನೆ ಹಣ್ಣಿನ ಹಿಂದೆ ನಿಂತರೆ ಚೆನ್ನ. ಗಾಯಕ್ಕೆ ಹಚ್ಚುವ ಪಟ್ಟಿಯ ವಾಸನೆಯೇ ಮುಂದಾದರೆ ಮಿತಿ ಮೀರಿದೆ. ಬೆವರಿದ ಕಾಲುಚೀಲದಂಥ ಚೀಸ್ ವಾಸನೆ ಐಸೊವ್ಯಾಲೆರಿಕ್ ಆಮ್ಲದ್ದು, ಹಳೆಯ ಹಾಪ್ಸ್‌ನಿಂದಲೂ ಬರಬಹುದು. ಓಕ್‌ನದು ವೆನಿಲಾ, ಕೊಬ್ಬರಿ. ಆದರೆ ಹಲವು ಸಲ ಬಳಸಿದ ಪೀಪಾಯಿಯಲ್ಲಿ ಅವು ಕರಗಿಹೋಗಿರುತ್ತವೆ, ಒಗರೂ ತುಸುವೇ ಉಳಿದಿರುತ್ತದೆ. ನನ್ನ ಮಟ್ಟಿಗೆ ಹುಳಿ ಏಲ್‌ಗೆ ಅದೇ ಒಳ್ಳೆಯದು. ಹೊಸ ಓಕ್‌ನ ಸಿಹಿಕಂಪು ಹುಳಿಯ ಜೊತೆ ಹೊಂದುವುದು ಅಪರೂಪ.

ಸುರಿಯುವಾಗ ಎಣ್ಣೆಯಂತೆ ನೂಲುನೂಲಾಗಿ ಇಳಿದರೆ ಪೀಡಿಯೊಕಾಕಸ್ ಲೋಳೆ ಬಿಟ್ಟಿದೆ. ವಿಷವೇನಲ್ಲ. ಜೊತೆಗೆ ಬೆಣ್ಣೆಯ ವಾಸನೆಯೂ ಇದ್ದರೆ ಬಿಯರ್ ಇನ್ನೂ ಮಾಗಿಲ್ಲ ಎಂದೇ ಲೆಕ್ಕ. ಇವೆರಡನ್ನೂ ಬ್ರೆಟ್ ಕಾಲಕ್ರಮದಲ್ಲಿ ತಿಂದು ಮುಗಿಸುತ್ತದೆ.

ಉತ್ತರ 5

ಒಂದು ದೋಷ ಎಲ್ಲರ ಕಣ್ಣು ತಪ್ಪಿಸಿದೆ. ಮೂಸಿದಾಗ ಏನೂ ಇಲ್ಲ, ಗುಟುಕೂ ಚೆನ್ನ. ನುಂಗಿ ಹತ್ತಿಪ್ಪತ್ತು ಸೆಕೆಂಡ್ ಕಳೆದ ಮೇಲೆ ನಾಲಿಗೆಯ ಬುಡದಲ್ಲಿ ಇಲಿಯ ಬೋನಿನ ನಾತ, ಇಲ್ಲವೇ ಮುಗ್ಗಿದ ಧಾನ್ಯದ ರುಚಿ ಏಳುತ್ತದೆ. ಇದು ಟೆಟ್ರಾಹೈಡ್ರೊಪಿರಿಡಿನ್. ಬಿಯರ್‌ನ ಹುಳಿಯಲ್ಲಿ ಇದು ಆವಿಯಾಗದೆ ಅಡಗಿರುತ್ತದೆ, ಎಂಜಲು ಸೇರಿ ಹುಳಿ ತಗ್ಗಿದಾಗ ಹೊರಬೀಳುತ್ತದೆ. ಪರೀಕ್ಷೆ ಸುಲಭ: 20 ಮಿ.ಲೀ. ಬಿಯರ್‌ಗೆ ಚಿಟಿಕೆ ಅಡುಗೆ ಸೋಡಾ ಹಾಕಿ, ಉಕ್ಕು ಇಳಿದ ಮೇಲೆ ಮೂಸಿ. ಕೆಲವರಿಗೆ ಇದು ತಿಳಿಯುವುದೇ ಇಲ್ಲ, ಆದ್ದರಿಂದ ನಾಲ್ವರೂ ನೋಡಲಿ. ಬಾಟಲಿಗೆ ತುಂಬುವಾಗ ಗಾಳಿ ಸೇರಿದ್ದರೆ ಬರುವಂಥದ್ದು. ಇನ್ನೊಂದು ಬಾಟಲಿ ಇದ್ದರೆ ಕೆಲವು ತಿಂಗಳು ಬಿಟ್ಟು ತೆರೆಯಿರಿ, ಸಾಮಾನ್ಯವಾಗಿ ತಾನೇ ಹೋಗುತ್ತದೆ.

ಪ್ರತಿ ಗುಟುಕಿನ ನಡುವೆ ಅರ್ಧ ನಿಮಿಷ ಸುಮ್ಮನಿರಿ ಎಂದು ಹೇಳುವುದು ಇದಕ್ಕೇ.

ಉತ್ತರ 6

ಗಸಿಯ ಬಗ್ಗೆ: ಮೊದಲ ಸುತ್ತಿಗೆ ಬೇಡ. ಕೊನೆಯ 60-70 ಮಿ.ಲೀ. ಬೇರೆ ಲೋಟಕ್ಕೆ ಸುರಿದು, ತಿಳಿಯಾದದ್ದರ ಪಕ್ಕದಲ್ಲಿಟ್ಟು ನೋಡಿ. ಗಸಿಯಿಂದ ಮೈ ದಪ್ಪವಾಗುತ್ತದೆ, ಹುಳಿ ಮೆತ್ತಗಾದಂತೆ ತೋರುತ್ತದೆ, ಹಸಿ ಹಿಟ್ಟಿನ ರುಚಿ ಸೇರುತ್ತದೆ. ಉಷ್ಣತೆಯ ವಿಷಯದಲ್ಲಿ ಮೊದಲ ಉತ್ತರಕ್ಕೆ ಪೂರ್ತಿ ಸಮ್ಮತಿ ಇಲ್ಲ. ಕಾಯುವ ಬದಲು 6 ಡಿಗ್ರಿಯಲ್ಲೇ ಒಂದು ಗುಟುಕು, 10ಕ್ಕೆ ಒಂದು, 15ಕ್ಕೆ ಒಂದು ತೆಗೆದುಕೊಂಡು ಮೂರನ್ನೂ ಬರೆಯಿರಿ. ತಂಪಿನಲ್ಲಿ ಒಗರು ಮುಂದಿರುತ್ತದೆ, ಬೆಚ್ಚಗಾದಂತೆ ಕೊಟ್ಟಿಗೆಯ ವಾಸನೆಯೂ ವಿನೆಗರೂ ಏಳುತ್ತವೆ. ದೋಷ ಹುಡುಕಲು 15 ಡಿಗ್ರಿಯೇ ಸರಿ.

ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ನಮ್ಮಲ್ಲಿ ಪಿಎಚ್ ಮೀಟರ್ ಇದೆ, ಉಪಯೋಗವಿದೆಯೇ? ಒಬ್ಬರಿಗೆ ಹೊಟ್ಟೆಯ ಆಮ್ಲದ ತೊಂದರೆ ಇದೆ, ಅವರು ಕುಡಿಯಬಹುದೇ?

ಉತ್ತರ 3 ಬರೆದವರು

ಮೀಟರನ್ನು 4.01 ಮತ್ತು 7.00 ದ್ರಾವಣದಲ್ಲಿ ಸರಿಪಡಿಸಿ, ಬಿಯರ್‌ನ ಅನಿಲ ಪೂರ್ತಿ ಹೋಗುವವರೆಗೆ ಎರಡು ಲೋಟಗಳ ನಡುವೆ ಹೊಯ್ದಾಡಿಸಿ, ಕೋಣೆಯ ಉಷ್ಣತೆಯಲ್ಲಿ ಅಳೆಯಿರಿ. ಮಾಮೂಲಿ ಬಿಯರ್ 4.2ರಿಂದ 4.6, ಇಂಥದ್ದು 3.2ರಿಂದ 3.6. ಆದರೆ ಒಂದೇ ಪಿಎಚ್‌ನ ಎರಡು ಬಿಯರ್ ನಾಲಿಗೆಗೆ ಬೇರೆಬೇರೆ ಹುಳಿಯಾಗಿರಬಹುದು. ನಾಲಿಗೆಗೆ ಹತ್ತಿರದ ಲೆಕ್ಕ ಒಟ್ಟು ಆಮ್ಲದ್ದು. ಅನಿಲ ತೆಗೆದ 10 ಮಿ.ಲೀ. ಬಿಯರ್‌ಗೆ 0.1 ನಾರ್ಮಲ್ (ದ್ರಾವಣದ ಪ್ರಬಲತೆಯ ಅಳತೆ) ಸೋಡಿಯಂ ಹೈಡ್ರಾಕ್ಸೈಡನ್ನು ಹನಿಹನಿಯಾಗಿ ಹಾಕುತ್ತ ಮೀಟರ್ 8.2 ತೋರಿಸುವಲ್ಲಿ ನಿಲ್ಲಿಸಿ. ಹಿಡಿದ ಪ್ರತಿ ಮಿ.ಲೀ.ಗೆ 0.9ರಂತೆ ಗುಣಿಸಿದರೆ ಲೀಟರಿಗೆ ಎಷ್ಟು ಗ್ರಾಂ ಆಮ್ಲವೆಂದು ಲ್ಯಾಕ್ಟಿಕ್ ಲೆಕ್ಕದಲ್ಲಿ ಸಿಗುತ್ತದೆ. ಆ ಮಾದರಿಯನ್ನು ಚೆಲ್ಲಿಬಿಡಿ, ಕುಡಿಯಬಾರದು.

ಹೊಟ್ಟೆಯ ತೊಂದರೆ ಇರುವವರು ಮೂಸಿ, ಬಾಯಲ್ಲಾಡಿಸಿ ಉಗುಳಲಿ, ರುಚಿಯ ಬಹುಪಾಲು ಅಷ್ಟಕ್ಕೇ ಸಿಗುತ್ತದೆ. ಎಂಎಒ ತಡೆಯುವ ಮಾತ್ರೆ (ಖಿನ್ನತೆಗೆ ಕೊಡುವ ಒಂದು ಬಗೆಯ ಔಷಧ) ತೆಗೆದುಕೊಳ್ಳುವವರು ಮಾತ್ರ ಇದನ್ನು ಮುಟ್ಟಲೇಬಾರದು, ಬ್ಯಾಕ್ಟೀರಿಯಾ ಹುದುಗಿಸಿದ ಬಿಯರ್‌ನಲ್ಲಿ ಟೈರಮಿನ್ ಇರುತ್ತದೆ, ಆ ಮಾತ್ರೆಯ ಜೊತೆ ಅದು ರಕ್ತದೊತ್ತಡವನ್ನು ಅಪಾಯಕ್ಕೆ ಏರಿಸಬಹುದು. ಮುಗಿದ ಮೇಲೆ ಎಲ್ಲರೂ ನೀರಲ್ಲಿ ಬಾಯಿ ಮುಕ್ಕಳಿಸಿ, ಅರ್ಧ ಗಂಟೆ ಹಲ್ಲುಜ್ಜಬೇಡಿ. ಹುಳಿಗೆ ಮೆತ್ತಗಾದ ಹಲ್ಲಿನ ಕವಚ ಬ್ರಶ್‌ಗೆ ಸವೆಯುತ್ತದೆ.

ಬಾಟಲಿಯಲ್ಲಿ 150 ಮಿ.ಲೀ.ಯಷ್ಟು ಉಳಿಸಿ, ಬಿಗಿಯಾಗಿ ಮುಚ್ಚಿ ಫ್ರಿಜ್‌ನಲ್ಲಿಡಿ. ಮಾರನೆಯ ದಿನ ಗಾಳಿ ತಾಗಿದ ಆ ಬಿಯರ್‌ನಲ್ಲಿ ಇಲಿಯ ನಾತ ಎದ್ದಿದೆಯೇ, ವಿನೆಗರ್ ಏರಿದೆಯೇ ನೋಡಿ, ಹಿಂದಿನ ದಿನ ಬರೆದದ್ದನ್ನು ತೆರೆಯದೆ ಬೇರೆ ಹಾಳೆಯಲ್ಲಿ ಬರೆಯಿರಿ.