ಐಸ್‌ಲ್ಯಾಂಡ್ ಬೀಚಲ್ಲಿ ತುಕ್ಕು ಹಿಡಿದು ಬಿದ್ದಿರೋ ಟ್ರಾಲರ್, ಇದರ ಜಾತಕ ಎಲ್ಲಿ ಸಿಗುತ್ತೆ?

ಉಪ್ಪುನೀರು
ಎಲ್ರಿಗೂ ನಮಸ್ಕಾರ. ನಾನಿರೋದು ಇಂಗ್ಲೆಂಡಿನ ಲೀಡ್ಸಲ್ಲಿ, ಹೋದ್ ತಿಂಗಳು ಹೆಂಡ್ತಿ ಮಗಳ ಜೊತೆ ಐಸ್‌ಲ್ಯಾಂಡಿಗೆ ಹೋಗಿದ್ವಿ, ಅಲ್ಲಿ ಪಶ್ಚಿಮಕ್ಕೆ ಸ್ನೈಫೆಲ್ಸ್‌ನೆಸ್ ಅಂತ ಸಮುದ್ರದೊಳಗೆ ಚಾಚಿಕೊಂಡಿರೋ ಜಾಗ ಇದೆ, ಅದರ ತುದಿ ಹತ್ರ ಒಂದು ಬೀಚು, ಹೆಸರು ಡ್ಯೂಪಲೋನ್ಸಂಡೂರ್ (ಅವರ ಭಾಷೇಲಿ ಸಂಡೂರ್ ಅಂದ್ರೆ ಮರಳಂತೆ, ಆದ್ರೆ ನಮ್ಮ ಬಳ್ಳಾರಿ ಸಂಡೂರಿನ ಥರ ಅಲ್ಲೂ ಕಬ್ಬಿಣಾನೇ ಕಣ್ಣಿಗೆ ಬೀಳೋದು). ಕಪ್ಪು ಉರುಟು ಕಲ್ಲುಗಳ ಮೇಲೆ ಉದ್ದಕ್ಕೂ ಕೆಂಪಗೆ ತುಕ್ಕು ಹಿಡಿದ ತುಂಡುಗಳು. ಕೆಲವು ರೊಟ್ಟಿ ಹಂಚಿನಷ್ಟು, ಕೆಲವು ಬಾಗಿಲಷ್ಟು, ಒಂದರ ಅಂಚಲ್ಲಿ ಸಾಲಾಗಿ ರಿವೆಟ್ ತೂತು, ಬೆರಳು ಇಟ್ಟು ನೋಡಿದೆ, ಪುಡಿಪುಡಿಯಾಗಿ ಕೈಗೆ ಬಂತು.

ಬೋರ್ಡಲ್ಲಿ ಇದ್ದಿದ್ದು ಇಷ್ಟೇ: ಎಪೈನ್, ಜಿವೈ 7, ಗ್ರಿಮ್ಸ್‌ಬಿ ಊರಿನ ಟ್ರಾಲರ್ (ಬಲೆ ಎಳ್ಕೊಂಡು ಹೋಗಿ ಮೀನು ಹಿಡಿಯೋ ಹಡಗು), 1948ರ ಮಾರ್ಚ್ 13ಕ್ಕೆ ಇಲ್ಲಿ ಒಡೀತು, 14 ಜನ ಸತ್ರು, 5 ಜನರನ್ನ ಸುತ್ತಮುತ್ತಲ ಊರಿನ ರಕ್ಷಣಾ ತಂಡದವರು ಉಳಿಸಿದ್ರು, ಕಬ್ಬಿಣ ಮುಟ್ಬೇಡಿ (ಮುಟ್ಟಿದ ಮೇಲೆ ಓದಿದ್ದು). ಗ್ರಿಮ್ಸ್‌ಬಿ ನಮ್ಮನೆಯಿಂದ ಎರಡು ಗಂಟೆ ದಾರಿ ಅಷ್ಟೆ, ಅದಕ್ಕೇ ತಲೇಲಿ ಕೂತ್ಬಿಟ್ಟಿದೆ. ಈ ಹಡಗು ಎಲ್ಲಿ ಯಾವಾಗ ಕಟ್ಟಿದ್ದು, ಅಷ್ಟು ದೂರ ಯಾಕೆ ಹೋಗಿತ್ತು, ಹೇಗೆ ಹುಡುಕೋದು?

ಟೂರ್_ಪ್ರಿಯ
ಅದು ವಿಮಾನದ ತುಂಡು ಅಲ್ವಾ ಸಾರ್? ರೀಲ್ಸಲ್ಲಿ ನೋಡಿದೀನಿ.

ಹಳೇಪೇಪರ್
ವಿಮಾನ ಬೇರೆ, ಅದು ದಕ್ಷಿಣ ಕರಾವಳಿ ಸೋಲ್ಹೈಮಸಂಡೂರ್, 1973ರಲ್ಲಿ ಇಳಿದ ಅಮೆರಿಕನ್ ನೇವಿ ವಿಮಾನ, ಅದರಲ್ಲಿದ್ದವರೆಲ್ಲ ಬದುಕಿದ್ರು.

ಉಪ್ಪುನೀರು ಅವ್ರೆ, ಜಿವೈ ಅಂದ್ರೆ ಗ್ರಿಮ್ಸ್‌ಬಿ ಬಂದರಿನ ಗುರುತು, ಹಲ್ ಆದ್ರೆ ಎಚ್, ಫ್ಲೀಟ್‌ವುಡ್ ಆದ್ರೆ ಎಫ್‌ಡಿ, ನಮ್ಮ ಗಾಡಿ ನಂಬರಿನ ಕೆಎ 20 ಇದ್ದಂಗೆ. ಆದ್ರೆ ಒಂದು ವಿಷಯ, ಜಿವೈ 7 ಅಂತ ಬರೀ ನಂಬರ್ ಹಿಡ್ಕೊಂಡು ಹುಡುಕಿದ್ರೆ ಖಂಡಿತಾ ದಾರಿ ತಪ್ತೀರ, ಒಂದು ಹಡಗು ರಿಜಿಸ್ಟರಿಂದ ಹೋದ್ಮೇಲೆ ಅದೇ ನಂಬರನ್ನ ಇನ್ನೊಂದಕ್ಕೆ ಕೊಡ್ತಿದ್ರು. ಹಡಗಿನ ಹೆಸರಿಗೂ ನೆಚ್ಕೋಬೇಡಿ, ಮಾಲೀಕ ಬದಲಾದ್ರೆ ಹೆಸರೂ ಬದಲಾಗ್ತಿತ್ತು. ಕೊನೇತನಕ ಬದಲಾಗದೇ ಇರೋದು ಅಫಿಷಿಯಲ್ ನಂಬರ್ (ಹಡಗು ಮೊದಲು ರಿಜಿಸ್ಟರ್ ಆದಾಗ ಕೊಡೋ ನಂಬರ್) ಒಂದೇ. ಅದಕ್ಕೆ ಲಾಯ್ಡ್ಸ್ ರಿಜಿಸ್ಟರ್ ಅಂತ ವರ್ಷವರ್ಷ ಬರೋ ಹಡಗುಗಳ ಪಟ್ಟಿ ಇದೆ, ಅದನ್ನ ನೋಡಿ, 1930ರಿಂದ 1945ರವರೆಗಿನ ಸಂಪುಟ ಸ್ಕ್ಯಾನ್ ಮಾಡಿ ನೆಟ್ಟಲ್ಲಿ ಹಾಕಿದಾರೆ, ಸಣ್ಣ ಹಡಗು ಮತ್ತು ಟ್ರಾಲರ್‌ಗಳಿಗೆ ಬೇರೆ ಭಾಗಾನೇ ಇದೆ, ದೊಡ್ಡ ಹಡಗಿನ ಪಟ್ಟೀಲಿ ಹುಡುಕಿ ಸಿಗಲಿಲ್ಲ ಅಂತ ಬಿಡ್ಬೇಡಿ (ನಾನು ಬೇರೊಂದು ಹಡಗಿಗೆ ಹಾಗೆ ಮಾಡಿ ಒಂದು ಭಾನುವಾರ ಹಾಳು ಮಾಡ್ಕೊಂಡೆ). ಕಟ್ಟಿದ ಯಾರ್ಡು, ವರ್ಷ, ಟನ್ನು, ಮಾಲೀಕ ಎಲ್ಲ ಒಂದೇ ಸಾಲಲ್ಲಿ ಇರುತ್ತೆ. ಆಮೇಲೆ ಗ್ರಿಮ್ಸ್‌ಬಿಯ ಆರ್ಕೈವ್ಸಿಗೆ ಹೋಗಿ, ಮೀನುಗಾರಿಕೆ ಹಡಗುಗಳ ರಿಜಿಸ್ಟರ್ ಅಲ್ಲಿದೆ.

ಅಷ್ಟು ದೂರ ಯಾಕೆ ಅಂದ್ರಲ್ಲ, ಮೀನಿಗೇ. ಮಾರ್ಚ್ ಅಂದ್ರೆ ಐಸ್‌ಲ್ಯಾಂಡಿನ ನೈಋತ್ಯಕ್ಕೆ ಕಾಡ್ ಮೀನು ಮೊಟ್ಟೆ ಇಡೋಕೆ ಗುಂಪು ಗುಂಪಾಗಿ ಬರೋ ಕಾಲ, ನೀವು ಶುಕ್ರವಾರ ತಿನ್ನೋ ಫಿಶ್ ಆಂಡ್ ಚಿಪ್ಸಿನ ಮೀನು ಅದೇ. ಆಮೇಲೆ ಐಸ್‌ಲ್ಯಾಂಡ್ ತನ್ನ ಮೀನುಗಾರಿಕೆ ಗಡಿನ (ಅದರೊಳಗೆ ಹೊರಗಿನ ಹಡಗು ಮೀನು ಹಿಡಿಯೋ ಹಾಗಿಲ್ಲ) 1952ರಲ್ಲಿ 4 ಮೈಲಿ, 1958ರಲ್ಲಿ 12, 1972ರಲ್ಲಿ 50, 1975ರಲ್ಲಿ 200 ಅಂತ ಮುಂದಕ್ಕೆ ಒತ್ತುತ್ತಾ ಹೋಯ್ತು, ಗ್ರಿಮ್ಸ್‌ಬಿಯ ಟ್ರಾಲರ್ ಕಾಲ ಮುಗೀತು.

ಮಲ್ಪೆಮಾಣಿ
ಇಷ್ಟು ಸಣ್ಣ ತುಂಡು ಹೇಗೆ ಆಯ್ತು ಅಂತ ಆಶ್ಚರ್ಯವೇ ಬೇಡ ಮಾರಾಯ್ರೆ. ನಮ್ಮಲ್ಲಿ ಮರದ ಬೋಟ್ ಒಂದು ಜೂನಲ್ಲಿ ದಂಡೆಗೆ ಬಿದ್ರೆ ಎರಡನೇ ದಿನ ಬಂದು ನೋಡುವಾಗ ಎಂಜಿನ್ ಮಾತ್ರ ಹೊಯಿಗೆಯಲ್ಲಿ ಹೂತು ಕೂತಿರ್ತದೆ, ಹಲಗೆ ಎಲ್ಲ ಮೈಲಿ ದೂರ. ಅಲ್ಲಿ ಎಪ್ಪತ್ತು ಎಂಬತ್ತು ಚಳಿಗಾಲ ಹೋಗಿದೆ, ಅದೂ ಅಟ್ಲಾಂಟಿಕ್ ತೆರೆ, ಕೆಳಗೆ ಉರುಟು ಕಲ್ಲು, ಕಡೆಯುವ ಕಲ್ಲಿಗೆ ಹಾಕಿದ ಹಾಗೆಯೇ.

ಆ ಕಾಲದಲ್ಲಿ ಕಲ್ಲಿದ್ದಲು ಸುಟ್ಟು ಆವಿಯಲ್ಲಿ ಓಡಿಸುವುದು, ಬಲೆ ಎಳೆಯುವುದು ಬದಿಯಿಂದ, ಈಗ ನಮ್ಮದರಲ್ಲಿ ಹಿಂದಿನಿಂದ. ಬದಿಯಿಂದ ಬಲೆ ತೆಗೆಯುವಾಗ ಬೋಟ್ ಗಾಳಿಗೆ ಅಡ್ಡ ನಿಲ್ಬೇಕು, ತೆರೆ ಡೆಕ್ಕಿನ ಮೇಲೆಯೇ ಬರ್ತದೆ, ಆ ಚಳಿಯಲ್ಲಿ ಆ ಕೆಲಸ ಮಾಡಿದವರಿಗೆ ದೊಡ್ಡ ನಮಸ್ಕಾರ. ರಾಡಾರ್ ಎಲ್ಲ ಹಡಗಿಗೂ ಬಂದಿರ್ಲಿಲ್ಲ, ಜಿಪಿಎಸ್ ಅಂತೂ ಕೇಳುವುದೇ ಬೇಡ. ಕತ್ತಲೆ, ಹಿಮಗಾಳಿ, ದಂಡೆ ಹತ್ರ ಇದೆಯೋ ದೂರ ಇದೆಯೋ ತಾಂಡೇಲನಿಗೆ ಹೇಗೆ ಗೊತ್ತಾಗ್ಬೇಕು?

ಹಳೇಪೇಪರ್
ಮಲ್ಪೆಯವ್ರು ಹೇಳಿದ ಆ ಬದಿ ಬಲೆ ಹಡಗು ನೋಡ್ಬೇಕಾದ್ರೆ ಗ್ರಿಮ್ಸ್‌ಬಿಯಲ್ಲೇ ರಾಸ್ ಟೈಗರ್ ಅಂತ 1957ರ ಟ್ರಾಲರ್ ಮ್ಯೂಸಿಯಂ ಮಾಡಿ ಇಟ್ಟಿದಾರೆ, ಅದು ಡೀಸೆಲ್ಲು, ಎಪೈನ್‌ಗಿಂತ ಈಚಿನದು, ಆದ್ರೂ ಡೆಕ್ಕಿನ ಅಂದಾಜು ಸಿಗುತ್ತೆ.

ರಕ್ಷಣೆ ವಿಷಯ ಬಂದಿದ್ದಕ್ಕೆ ಇನ್ನೊಂದು: 1947ರ ಡಿಸೆಂಬರಲ್ಲಿ ಲಾತ್ರಬ್ಯಾರ್ಗ್ ಅನ್ನೋ ಬಂಡೆಗೋಡೆ ಕೆಳಗೆ ಧೂನ್ ಅಂತ ಫ್ಲೀಟ್‌ವುಡ್ ಟ್ರಾಲರ್ ಸಿಕ್ಕಾಕ್ಕೊಂಡಾಗ ಅಲ್ಲಿನ ರೈತರು ಹಗ್ಗ ಕಟ್ಕೊಂಡು ಇಳಿದು 12 ಜನರನ್ನ ಮೇಲೆತ್ತಿದ್ರು. ಮರುವರ್ಷ ಅದನ್ನೇ ಸಿನಿಮಾ ಮಾಡೋಕೆ ಕ್ಯಾಮೆರಾ ತಂದಿದ್ರೆ, ಅಲ್ಲೇ ಹತ್ರ ಸಾರ್ಗನ್ ಅಂತ ಇನ್ನೊಂದು ಗ್ರಿಮ್ಸ್‌ಬಿ ಟ್ರಾಲರ್ ನಿಜವಾಗ್ಲೂ ದಡಕ್ಕೆ ಬಿತ್ತು, ಆ ನಿಜವಾದ ರಕ್ಷಣೇನೇ ಸಿನಿಮಾ ಒಳಗೆ ಸೇರ್ಕೊಂಡಿದೆ. ಎಪೈನ್ ಒಡೆದಿದ್ದು ಈ ಎರಡರ ನಡುವೆ.

ಗದಗಿನ_ಪೈಲ್ವಾನ
ಅಣ್ಣಾರ, ಆ ಬೀಚಿನಾಗ ಎತ್ತೋ ಕಲ್ಲ ಅದಾವಲ್ರೀ, ನೀವ್ ನೋಡಿಲ್ಲೇನು? ನಾಕ್ ಕಲ್ಲು, 154 ಕೆಜಿ, 100, 54, 23. ಬೋಟಿಗೆ ಕೆಲಸಕ್ಕ ಬಂದವರಿಗೆ ಕಲ್ಲ ಎತ್ತಿಸಿ ನೋಡ್ತಿದ್ರಂತ, 54ರದ್ದ ಆಗಲಿಲ್ಲಂದ್ರ ಮನಿಗೆ ನಡಿ. 23ರ ಕಲ್ಲಿನ ಹೆಸರು ಅಮ್ಲೋದಿ, ಅಂದ್ರ ಕೈಲಾಗದಾವ. ನಮ್ಮೂರ ಗರಡಿ ಮನಿ ಮುಂದ ಗುಂಡಕಲ್ಲ ಇಟ್ಟಂಗನ ಐತಿ ನೋಡ್ರಿ. ನೀವ್ ಎಷ್ಟ ಎತ್ತಿದ್ರಿ?

ಉಪ್ಪುನೀರು
ಥ್ಯಾಂಕ್ಸ್ ಎಲ್ರಿಗೂ. ಶನಿವಾರ ಲಾಯ್ಡ್ಸ್ ಸಂಪುಟ ಹಿಡ್ಕೊಂಡು ಕೂರ್ತೀನಿ, ಮುಂದಿನ ವಾರ ರಜ ಹಾಕಿ ಗ್ರಿಮ್ಸ್‌ಬಿಗೆ ಹೋಗ್ತೀನಿ, ಸಿಕ್ಕಿದ್ದನ್ನ ಇಲ್ಲೇ ಹಾಕ್ತೀನಿ. ಪೈಲ್ವಾನ್ರೇ, ಕೇಳ್ಬಾರದಿತ್ತು ನೀವು, ಅಮ್ಲೋದಿ ಎತ್ತಿದೆ, 54 ಕೆಜಿದು ನೆಲ ಬಿಡ್ಲೇ ಇಲ್ಲ.

ಇನ್ನೊಂದು ಸಮಸ್ಯೆ. ನಿನ್ನೆ ಮಗಳ ಜಾಕೆಟ್ ಒಗೆಯೋಕೆ ಹಾಕುವಾಗ ಜೇಬಲ್ಲಿ ಒಂದು ಕಪ್ಪು ಉರುಟು ಕಲ್ಲು ಸಿಕ್ತು. ಅದನ್ನೂ ಅಲ್ಲಿಂದ ತರಬಾರದು.

ಮಲ್ಪೆಮಾಣಿ
ಗ್ರಿಮ್ಸ್‌ಬಿಗೆ ಹೋಗುವಾಗ ಅಲ್ಲಿ ಸಮುದ್ರಕ್ಕೆ ಬಿಸಾಡ್ಬೇಡಿ ಮತ್ತೆ. ವಾಪಸ್ ಪಾರ್ಸೆಲ್ ಮಾಡಿ.