ನಡೆದರೆ ಮೀನಖಂಡ ಹಿಡಿಯುತ್ತದೆ, ಎಬಿಐ 1.45 ಬಂದಿದೆ: ರಕ್ತನಾಳ ಸರಿ ಇದೆ ಅಂತಲೇ?

ಪ್ರಶ್ನೆ: ಡಾಕ್ಟ್ರೇ, ನಮ್ಮ ತಂದೆಗೆ 66 ವರ್ಷ. ಹಳೇ ಶುಗರ್, ಸಿಗರೇಟ್ ಇನ್ನೂ ಬಿಟ್ಟಿಲ್ಲ. 200 ಮೀಟರ್ ನಡೆಯುವಷ್ಟರಲ್ಲಿ ಬಲಗಾಲಿನ ಮೀನಖಂಡ ಬಿಗಿದು ನೋಯುತ್ತದೆ, ಎರಡು ಮೂರು ನಿಮಿಷ ನಿಂತರೆ ಹೋಗುತ್ತದೆ. ಎಬಿಐ (ಕಾಲಿನ ಬಿಪಿಯನ್ನು ತೋಳಿನ ಬಿಪಿಗೆ ಹೋಲಿಸುವ ಪರೀಕ್ಷೆ) 1.45 ಬಂದಿದೆ. 0.90 ಅಥವಾ ಅದಕ್ಕಿಂತ ಕಮ್ಮಿ ಇದ್ದರೆ ಕಾಲಿನ ರಕ್ತನಾಳದಲ್ಲಿ ಅಡಚಣೆಯ ಕಾಯಿಲೆ ಅಂತ ಓದಿದೆ. ಹಾಗಾದರೆ ಇವರಿಗೆ ಇಲ್ಲವೇ? ನೋವಿದ್ದಾಗ ನಡೆಸಬಹುದೇ?

ಉತ್ತರ (ರಕ್ತನಾಳ ಶಸ್ತ್ರಚಿಕಿತ್ಸಕರು): 1.45 ನಾರ್ಮಲ್ ಅಲ್ಲ. ಪಾದದ ಗಿಣ್ಣಿನ ಹತ್ತಿರ ಅಳೆದ ಬಿಪಿಯ ಮೇಲಿನ ಅಂಕಿಯನ್ನು ತೋಳಿನ ಬಿಪಿಯ ಮೇಲಿನ ಅಂಕಿಯಿಂದ ಭಾಗಿಸಿದರೆ ಬರುವುದೇ ಎಬಿಐ. ತೋಳಲ್ಲಿ 140, ಕಾಲಲ್ಲಿ 98 ಇದ್ದರೆ 0.70, ಅಂದರೆ ಕಾಲಿಗೆ ರಕ್ತ ಕಮ್ಮಿ ಹೋಗುತ್ತಿದೆ. ಆದರೆ ಈ ಲೆಕ್ಕ ಸರಿಬರಬೇಕಾದರೆ ಬಿಪಿ ಪಟ್ಟಿ (ಕಫ್) ಬಿಗಿದಾಗ ರಕ್ತನಾಳ ಅದುಮಿಕೊಳ್ಳಬೇಕು. ಹಳೇ ಶುಗರ್ ಇರುವವರಲ್ಲಿ, ಕಿಡ್ನಿ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಕ್ಯಾಲ್ಸಿಯಂ ಕಟ್ಟಿ ಅದು ಅದುಮಿಕೊಳ್ಳುವುದೇ ಇಲ್ಲ. ಒಳಗೆ ಅಡಚಣೆ ಇದ್ದರೂ ಅಂಕಿ ಮೇಲೆ ಹೋಗುತ್ತದೆ. 1.40 ದಾಟಿದರೆ ಆ ಎಬಿಐಯನ್ನು ನಂಬಬಾರದು.

ಕಾಲಿನ ಹೆಬ್ಬೆರಳಿನ ಬಿಪಿ ತೆಗೆದು ಟಿಬಿಐ (ಅದನ್ನು ತೋಳಿನ ಬಿಪಿಯಿಂದ ಭಾಗಿಸಿದ ಅಂಕಿ) ಮಾಡಿಸಿ, ಬೆರಳಿನ ನಾಳಗಳು ಅಷ್ಟಾಗಿ ಗಟ್ಟಿಯಾಗಿರುವುದಿಲ್ಲ. 0.70 ಅಥವಾ ಕಮ್ಮಿ ಬಂದರೆ ಕಾಯಿಲೆ ಇದೆ. ಜೊತೆಗೆ ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಗಲಿ. ಸೊಂಟದ ನರ ಒತ್ತಿಕೊಂಡರೂ ನಡೆಯುವಾಗ ಕಾಲು ನೋಯುತ್ತದೆ, ಆದರೆ ಆ ನೋವು ಕೂತರೆ ಅಥವಾ ಮುಂದಕ್ಕೆ ಬಾಗಿದರೆ ಇಳಿಯುತ್ತದೆ, ಬರೀ ನಿಂತರೆ ಇಳಿಯುವುದಿಲ್ಲ. ನಿಮ್ಮ ತಂದೆಯವರ ಲಕ್ಷಣ ರಕ್ತನಾಳದ ಕಡೆಗೇ ಬೊಟ್ಟು ಮಾಡುತ್ತದೆ.

ಖಚಿತವಾದರೆ ಕೊಲೆಸ್ಟ್ರಾಲ್ ಎಷ್ಟೇ ಇರಲಿ, ಅದನ್ನು ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಅಥವಾ ಕ್ಲೊಪಿಡೋಗ್ರೆಲ್, ಯಾವುದೆಂದು ನಿಮ್ಮ ವೈದ್ಯರು ಹೇಳುತ್ತಾರೆ. ಈ ಹಂತದಲ್ಲಿ ಕಾಲು ಹೋಗುವುದಕ್ಕಿಂತ ಹಾರ್ಟ್ ಅಟ್ಯಾಕ್, ಸ್ಟ್ರೋಕ್‌ನ ಅಪಾಯವೇ ದೊಡ್ಡದು, ಮನೆಯವರು ಮರೆಯುವುದೂ ಅದನ್ನೇ. ನಡೆಯುವ ದೂರ ಹೆಚ್ಚಿಸಲು ಸಿಲೋಸ್ಟಜೋಲ್ ಎಂಬ ಮಾತ್ರೆ ಇದೆ, ಹಾರ್ಟ್ ಫೇಲ್ಯೂರ್ ಇದ್ದವರಿಗೆ ಅದನ್ನು ಕೊಡುವಂತಿಲ್ಲ. ಸಿಗರೇಟ್ ಪೂರ್ತಿ ನಿಲ್ಲಲೇಬೇಕು. ಸೇದುತ್ತಲೇ ಇದ್ದರೆ ಸ್ಟೆಂಟ್ ಹಾಕಿದರೂ ಬೈಪಾಸ್ ಮಾಡಿದರೂ ಮತ್ತೆ ಮುಚ್ಚಿಕೊಳ್ಳುವ ಸಂಭವ ಜಾಸ್ತಿ.

ಉತ್ತರ (ಫಿಸಿಯೋಥೆರಪಿಸ್ಟ್): ನಡೆಸಬಹುದೇ ಅಂತ ಕೇಳಿದಿರಿ. ನಡೆಸಲೇಬೇಕು. ಆ ನೋವಿನಿಂದ ಸ್ನಾಯು ಹಾಳಾಗುವುದಿಲ್ಲ. ಮೂರರಿಂದ ಐದು ನಿಮಿಷದಲ್ಲಿ ನೋವು ಶುರುವಾಗುವಷ್ಟು ವೇಗದಲ್ಲಿ ನಡೆಯಲಿ. ಶುರುವಾದ ಕೂಡಲೇ ನಿಲ್ಲದೆ, ಸಾಕಷ್ಟು ಜೋರಾಗುವವರೆಗೆ ನಡೆದು ಆಮೇಲೆ ನಿಲ್ಲಲಿ. ನೋವು ಪೂರ್ತಿ ಹೋದ ಮೇಲೆ ಮತ್ತೆ ನಡಿಗೆ. ನಿಂತ ಸಮಯವೂ ಸೇರಿ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ ಮೂರು ದಿನ, ಕನಿಷ್ಠ 12 ವಾರ. ಎಂಟು ಹತ್ತು ನಿಮಿಷ ನೋವಿಲ್ಲದೆ ನಡೆಯುವಂತಾದರೆ ವೇಗ ಹೆಚ್ಚಿಸಿ. ಮೊದಲ ಸೆಳೆತಕ್ಕೇ ಕೂತುಬಿಡುವುದು, ನೋವೇ ಬಾರದಷ್ಟು ನಿಧಾನ ನಡೆಯುವುದು: ಫಲ ಸಿಗದಿರುವುದು ಬಹುಪಾಲು ಈ ಎರಡರಿಂದಲೇ. ಶುರುಮಾಡುವ ಮುಂಚೆ ಹೃದಯದ ತಪಾಸಣೆ ಆಗಿರಲಿ. ಎದೆ ಹಿಡಿದರೆ ತಕ್ಷಣ ನಿಲ್ಲಿಸಿ. ಪಾದದಲ್ಲಿ ಗಾಯ ಇದ್ದರೆ ಡಾಕ್ಟರಿಗೆ ತೋರಿಸದೆ ನಡಿಗೆ ಬೇಡ.

ಪ್ರಶ್ನೆ: ಪಾದ ತಣ್ಣಗಿರುತ್ತದೆ. ಬಿಸಿನೀರಿನ ಚೀಲ ಇಡಬಹುದೇ? ವೆರಿಕೋಸ್‌ಗೆ ಹಾಕುವ ಬಿಗಿ ಸಾಕ್ಸ್?

ಉತ್ತರ (ರಕ್ತನಾಳ ಶಸ್ತ್ರಚಿಕಿತ್ಸಕರು): ಎರಡೂ ಬೇಡ. ಶುಗರ್‌ನಿಂದ ಸ್ಪರ್ಶ ಮಂದವಾಗಿದ್ದರೆ ಸುಟ್ಟಿದ್ದೇ ಗೊತ್ತಾಗುವುದಿಲ್ಲ, ರಕ್ತ ಕಮ್ಮಿ ಇರುವ ಪಾದದಲ್ಲಿ ಆ ಬೊಬ್ಬೆ ಮಾಯುವುದೂ ಇಲ್ಲ. ಬಿಗಿ ಸಾಕ್ಸ್ ಬರುತ್ತಿರುವ ರಕ್ತವನ್ನೂ ತಡೆಯುತ್ತದೆ. ಸಡಿಲ ಸಾಕ್ಸ್ ಸಾಕು. ದಿನಾ ರಾತ್ರಿ ಬೆರಳ ಸಂದು, ಹಿಮ್ಮಡಿ ನೀವೇ ನೋಡಿ. ಆಣಿಯನ್ನು ಮನೆಯಲ್ಲಿ ಬ್ಲೇಡಿನಿಂದ ಕೆತ್ತಬೇಡಿ.

ಮಲಗಿದಾಗ ಪಾದ ಉರಿದು ನೋಯುತ್ತಿದ್ದರೆ, ಮಂಚದಿಂದ ಕಾಲು ಇಳಿಬಿಟ್ಟರೆ ಹಾಯೆನಿಸಿದರೆ, ಅಥವಾ ಬೆರಳು ಕಪ್ಪಾದರೆ, 12 ವಾರದ ನಡಿಗೆ ಅಂತ ಕಾಯದೆ ಒಂದೆರಡು ದಿನದಲ್ಲೇ ರಕ್ತನಾಳ ತಜ್ಞರಿಗೆ ತೋರಿಸಿ. ಕಾಲು ಇದ್ದಕ್ಕಿದ್ದಂತೆ ಬಿಳಿಚಿ, ತಣ್ಣಗಾಗಿ, ಜೋಮು ಹಿಡಿದು, ಬೆರಳು ಆಡಿಸಲು ಆಗದಿದ್ದರೆ ಬೆಳಗಾಗಲಿ ಅನ್ನಬೇಡಿ. ಸುಮಾರು ಆರು ಗಂಟೆಯೊಳಗೆ ರಕ್ತ ಹರಿಯದಿದ್ದರೆ ಸ್ನಾಯು ಸಾಯತೊಡಗುತ್ತದೆ. ಕಾಲು ಉಜ್ಜುತ್ತಾ ಕೂರದೆ, ರಕ್ತನಾಳ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ.